ಮರದ ಹಿಡಿಯ ಸ್ಕಿಪ್ಪಿಂಗ್ ಹಗ್ಗ: ಹಗ್ಗಕ್ಕೆ ಪೂರ್ಣ ಅಂಕ, ಪೆಟ್ಟಿಗೆಗೆ ಸೊನ್ನೆ

ಹೆಣೆದ ಹತ್ತಿಯ ಹಗ್ಗ, ಎರಡು ಮರದ ಹಿಡಿ. ಮಗಳಿಗೆಂದು ತರಿಸಿದ ಈ ಸ್ಕಿಪ್ಪಿಂಗ್ ಹಗ್ಗದಲ್ಲಿ ಇರುವುದು ಇಷ್ಟೇ. ಬೇರಿಂಗ್ ಇಲ್ಲ, ಎಷ್ಟು ಸಲ ಹಾರಿದಿರಿ ಎಂದು ಲೆಕ್ಕ ತೋರಿಸುವ ಪರದೆಯೂ ಇಲ್ಲ. ಕೊಂಡದ್ದೇ ಅದಕ್ಕಾಗಿ. ಬಾಯಲ್ಲಿ ಎಣಿಸುವುದು, ಎಣಿಕೆ ತಪ್ಪಿತೆಂದು ಜಗಳವಾಡುವುದು ಈ ಆಟದ ಅರ್ಧ ಸುಖ.

ಹತ್ತಿಯ ಹಗ್ಗಕ್ಕೆ ಹದವಾದ ತೂಕವಿದೆ. ಬೀಸಿದರೆ ಕಮಾನಿನಂತೆ ತುಂಬಿಕೊಂಡು ಬರುತ್ತದೆ, ನೆಲಕ್ಕೆ ತಾಗಿದಾಗ 'ಟಪ್' ಎನ್ನುತ್ತದೆ. ಹೊಸದಾಗಿ ಕಲಿಯುವ ಮಗು ಆ ಸದ್ದನ್ನು ಹಿಡಿದೇ ಕಾಲೆತ್ತುತ್ತದೆ. ತೆಳು ಪ್ಲಾಸ್ಟಿಕ್ ಹಗ್ಗ ಇದಕ್ಕಿಂತ ವೇಗವಾಗಿ ತಿರುಗುತ್ತದೆ, ನಿಜ. ಆದರೆ ಸುತ್ತಿಟ್ಟ ಸುರುಳಿ ಅದರಿಂದ ಬೇಗ ಬಿಡುವುದಿಲ್ಲ, ಬರಿಗಾಲಿಗೆ ಬಡಿದರೆ ಚುರ್ ಎನ್ನುತ್ತದೆ.

ಹಗ್ಗದ ನಡುವೆ ಕಾಲಿಟ್ಟು ಎರಡೂ ತುದಿ ಮೇಲೆಳೆದಾಗ ಹಿಡಿಗಳು ಕಂಕುಳಿನವರೆಗೆ ಬಂದರೆ ಅಳತೆ ಸರಿ. ನಮಗೆ ಬಂದದ್ದು ದೊಡ್ಡವರ ಅಳತೆಯದು. ಗಿಡ್ಡ ಮಾಡೋಣವೆಂದರೆ ಗಂಟು ಹಿಡಿಯ ಒಳಗೆ ಅಡಗಿದೆ. ತೂತು ಎಷ್ಟು ಇಕ್ಕಟ್ಟೆಂದರೆ ಅದನ್ನು ಹೊರಗೆಳೆದು ಮತ್ತೆ ಕಟ್ಟುವಷ್ಟರಲ್ಲಿ ಉಗುರು ನೋಯುತ್ತಿತ್ತು. ಬೆವರಿದ ಕೈಗೆ ಹಿಡಿಯ ಕೆಂಪು ಬಣ್ಣ ಹತ್ತುತ್ತದೆ. ಸಿಮೆಂಟು ನೆಲದಲ್ಲಿ ಆಡಿದರೆ ನಡುಭಾಗದಲ್ಲಿ ಎಳೆಗಳು ಏಳುತ್ತವೆ. ಒದ್ದೆಯಾದರೆ ಆ ದಿನದ ಆಟ ಮುಗಿಯಿತು.

ಇವೆಲ್ಲ ಸಹಿಸಬಹುದು. ಸಹಿಸಲಾಗದ್ದು ಪೆಟ್ಟಿಗೆಯ ಮೇಲೆ ಗುಲಾಬಿ ಅಕ್ಷರದಲ್ಲಿ ಅಚ್ಚಾದ 'ಹುಡುಗಿಯರಿಗಾಗಿ' ಎಂಬ ಮಾತು. ಅದನ್ನು ಬರೆಸಿದವರಿಗೆ ಈ ಆಟದ ಚರಿತ್ರೆ ಗೊತ್ತಿದ್ದಂತಿಲ್ಲ. ಇಂಗ್ಲೆಂಡಿನ ಜನರ ಆಟಗಳ ಬಗ್ಗೆ 1801ರಲ್ಲಿ ಬರೆದ ಜೋಸೆಫ್ ಸ್ಟ್ರಟ್, ಹಗ್ಗ ಹಾರುವುದರಲ್ಲಿ ಪೈಪೋಟಿ ನಡೆಸುವವರು ಹುಡುಗರು ಎಂದೇ ಹೇಳುತ್ತಾನೆ. ತಡೆಯಿಲ್ಲದೆ ಹೆಚ್ಚು ಸಲ ಹಾರಿದವನು ಗೆದ್ದಂತೆ. ಬಿಯರಿಗೆ ಕಹಿ ಕೊಡುವ ಹಾಪ್ ಎಂಬ ಬೆಳೆಯ ಕಾಲದಲ್ಲಿ ಎಲೆ ಸವರಿದ ಹಾಪ್ ಬಳ್ಳಿಯೇ ಹಗ್ಗ. ಹಗ್ಗಕ್ಕಿಂತ ಅದೇ ಮೇಲು ಎಂದು ಆತನ ತೀರ್ಪು. ಎರಡು ಹಗ್ಗಗಳನ್ನು ಎದುರುಬದುರಾಗಿ ಬೀಸುವ 'ಡಬಲ್ ಡಚ್' ಅನ್ನು ನ್ಯೂಯಾರ್ಕಿನ ಬೀದಿಗಳಲ್ಲಿ ಮೆರೆಸಿದವರು ಹುಡುಗಿಯರು, ಅದರಲ್ಲೂ ಕಪ್ಪು ಹುಡುಗಿಯರು. 1970ರ ದಶಕದಲ್ಲಿ ಅದಕ್ಕೆ ನಿಯಮ ಕಟ್ಟಿ ಸ್ಪರ್ಧೆಯ ರೂಪ ಕೊಟ್ಟವರಲ್ಲಿ ಡೇವಿಡ್ ವಾಕರ್ ಎಂಬ ಪೊಲೀಸ್ ಅಧಿಕಾರಿ ಮುಖ್ಯನು. ಇನ್ನು ಹಗ್ಗವಿಲ್ಲದೆ ಬಾಕ್ಸರುಗಳ ತಾಲೀಮೇ ನಡೆಯುವುದಿಲ್ಲ. ಗುಲಾಬಿ ಪೆಟ್ಟಿಗೆ ಕಸದ ಬುಟ್ಟಿ ಸೇರಿತು. ಹಗ್ಗಕ್ಕಾಗಿ ಈಗ ಮಗನೂ ಸರದಿ ಕಾಯುತ್ತಾನೆ.

ಒಬ್ಬರೇ ಹಾರುವ ಮಗುವಿಗೆ ಧಾರಾಳವಾಗಿ ಕೊಳ್ಳಿ. ಇಬ್ಬರು ಬೀಸಿ ಮೂರನೆಯವರು ಹಾರುವುದಾದರೆ ಇದರ ಉದ್ದ ಸಾಲದು. ಆಗ ನಾಲ್ಕೈದು ಮೀಟರ್ ಸಾದಾ ಹತ್ತಿ ಹಗ್ಗ ತನ್ನಿ, ಅದಕ್ಕೆ ಹಿಡಿಯೂ ಬೇಡ.