ಈಸ್ಟ್ ಪುಡಿಯನ್ನು ಬೆಲ್ಲದ ನೀರಲ್ಲಿ ನೆನೆಸಿ ಕೋಳಿಗೆ ಹಾಕಬೇಡಿ

ಕಾರಟಗಿ ಹತ್ತಿರ ನಮ್ಮದೊಂದು ಚಿಕ್ಕ ಕೋಳಿ ಶೆಡ್ ಇದೆ. ಈ ಬೇಸಿಗೆಗೆ 900 ಗಿರಿರಾಜ ಮರಿ ಬಿಟ್ಟಿದ್ದೆ. ಅವುಗಳಲ್ಲಿ 212 ಸತ್ತವು, ಅದೂ ಒಂಬತ್ತೇ ದಿನದಲ್ಲಿ. ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆ ಮನೆಯಲ್ಲೇ ಫೀಡ್ ಕಲಸಿ ಕೋಳಿ ಸಾಕುವವರು ಬಹಳ ಜನ ಇದ್ದೀರಿ. ನಿಮಗೆ ಹೀಗಾಗಬಾರದು ಅಂತ ಬರೆಯುತ್ತಿದ್ದೇನೆ.

ಮರಿಗಳಿಗೆ ನಾಲ್ಕು ವಾರ ತುಂಬಿದಾಗ ಹಿಕ್ಕೆ ತೆಳ್ಳಗಾಗಿತ್ತು. ಸಾವೇನೂ ಇರಲಿಲ್ಲ. ಅದೇ ಹೊತ್ತಿಗೆ ಒಬ್ಬ ಫೀಡ್ ಏಜೆಂಟ್ ಬಂದ. "ಅಣ್ಣಾ, ಇದು ಹುದುಗಿಸಿದ ಈಸ್ಟ್. ಕರುಳಾಗಿನ ಸಾಲ್ಮೊನೆಲ್ಲಾ, ಈ-ಕೋಲೈ ಅನ್ನೋ ಬ್ಯಾಕ್ಟೀರಿಯಾ ಎಲ್ಲಾ ಸಾಯ್ತಾವ. ಇದೊಂದು ಹಾಕಿದ್ರ ಔಷಧಿ ಬ್ಯಾಡ, ನೀರಿಗೆ ಕ್ಲೋರಿನ್ನೂ ಬ್ಯಾಡ" ಅಂದ. 5 ಕೆಜಿಯ ಬಿಳಿ ಕವರ್, 1,750 ರೂಪಾಯಿ. ಕವರ್ ಮೇಲೆ ಒಂದು ಅಕ್ಷರ ಇರಲಿಲ್ಲ. ಬೆಲ್ಲದ ನೀರಲ್ಲಿ ಎರಡು ದಿನ ನೆನೆಸಿ, ನೊರೆ ಬಂದ ಮೇಲೆ ಕಲಸಿದರೆ ಪವರ್ ಜಾಸ್ತಿ ಅಂತಲೂ ಹೇಳಿಕೊಟ್ಟ. ಬಿಲ್ ಕೇಳಿದೆ, ಮುಂದಿನ ಸಲ ತರ್ತೀನಿ ಅಂದ.

ನಾನು ಹಾಗೇ ಮಾಡಿದೆ. ಏಪ್ರಿಲ್ ಬಿಸಿಲು ನಿಮಗೆ ಗೊತ್ತಲ್ವಾ, ಡ್ರಮ್ ಮುಟ್ಟಿದರೆ ಕೈ ಸುಡುತ್ತಿತ್ತು. ಎರಡನೇ ದಿನಕ್ಕೆ ನೊರೆ ಉಕ್ಕಿ ಬಂತು. ಹುಳಿ ವಾಸನೆ, ಅದರ ಜೊತೆ ಸ್ವಲ್ಪ ಕೊಳೆತ ವಾಸನೆ. ಪುಡಿ ಕೆಲಸ ಮಾಡುತ್ತಿದೆ ಅಂದುಕೊಂಡೆ. ಮೆಕ್ಕೆಜೋಳ, ಅಕ್ಕಿ ತೌಡು, ಸೋಯಾ ಹಿಂಡಿಗೆ ಅದನ್ನು ಕಲಸಿ ಹಾಕಿದೆ. ಮೊದಲ ಎರಡು ದಿನ ಕೋಳಿಗಳು ಮುಗಿಬಿದ್ದು ತಿಂದವು. ಫೀಡರ್‌ನಲ್ಲಿ ಉಳಿದ ಹಸಿ ಫೀಡ್ ಸಂಜೆಗೆ ಅಂಟಾಗಿ, ನೆಲಕ್ಕೆ ಹಾಸಿದ್ದ ಭತ್ತದ ಹೊಟ್ಟಿನ ಮೇಲೆ ಬೀಳುತ್ತಿತ್ತು. ಹೊಟ್ಟು ಒದ್ದೆಯಾಗಿ ಗಟ್ಟಿ ಹೆಪ್ಪುಗಟ್ಟಿತು. ಬೆಳಿಗ್ಗೆ ಶೆಡ್ ಒಳಗೆ ಹೋದರೆ ಕಣ್ಣು ಉರಿಯುತ್ತಿತ್ತು. ಈಸ್ಟ್ ಇದೆಯಲ್ಲಾ ಅನ್ನುವ ಧೈರ್ಯದಲ್ಲಿ ಹೊಟ್ಟು ತಿರುವುವುದನ್ನೂ ಬಿಟ್ಟಿದ್ದೆ, ನೀರಿಗೆ ಕ್ಲೋರಿನ್ ಹಾಕುವುದನ್ನೂ ಬಿಟ್ಟಿದ್ದೆ.

ಆರನೇ ದಿನ ಬೆಳಿಗ್ಗೆ 14 ಕೋಳಿ ಸತ್ತಿದ್ದವು. ಮರುದಿನ 31. ಏಜೆಂಟ್‌ಗೆ ಫೋನ್ ಮಾಡಿದರೆ "ಡೋಸ್ ಜಾಸ್ತಿ ಮಾಡ್ರಿ" ಅಂದ, ಜೊತೆಗೆ ಇನ್ನೊಂದು ಪುಡಿ ಕಳಿಸಿದ. ಅದು ಕೊಲಿಸ್ಟಿನ್ ಅನ್ನುವ ಆ್ಯಂಟಿಬಯಾಟಿಕ್ ಅಂತೆ. ಕೋಳಿಗೆ ಹಾಕುವ ಮೊದಲು ಪಶು ಆಸ್ಪತ್ರೆಗೆ ಹೋದದ್ದೊಂದೇ ನಾನು ಮಾಡಿದ ಒಳ್ಳೆ ಕೆಲಸ. ಆಹಾರಕ್ಕೆ ಸಾಕುವ ಪ್ರಾಣಿಗಳಿಗೆ, ಕೋಳಿಗೆ, ಫೀಡಿಗೆ ಕೊಲಿಸ್ಟಿನ್ ಮಾರುವುದನ್ನು ಕೇಂದ್ರ ಸರ್ಕಾರ 2019ರಲ್ಲೇ ನಿಷೇಧಿಸಿದೆ. ಮನುಷ್ಯರಿಗೆ ಬೇರೆ ಯಾವ ಔಷಧಿಯೂ ನಾಟದಾಗ ಕೊಡುವ ಮದ್ದು ಅದು.

ಡಾಕ್ಟ್ರು ಸತ್ತ ಕೋಳಿಯನ್ನು ನನ್ನೆದುರೇ ಕೊಯ್ದು ತೋರಿಸಿದರು. ಸಣ್ಣ ಕರುಳು ಗಾಳಿ ತುಂಬಿ ಬಲೂನಿನಂತೆ ಉಬ್ಬಿತ್ತು. ಒಳಗೆ ಟರ್ಕಿ ಟವೆಲ್‌ನಂತೆ ಒರಟಾಗಿತ್ತು. ಕ್ಲಾಸ್ಟ್ರಿಡಿಯಂ ಅನ್ನುವ ಬ್ಯಾಕ್ಟೀರಿಯಾದ ಕೆಲಸ ಅಂದರು. ಕೆಲವು ಕೋಳಿಗಳಲ್ಲಿ ಕಾಕ್ಸಿ, ಅಂದರೆ ಕಾಕ್ಸಿಡಿಯೋಸಿಸ್ ಅನ್ನುವ ಕರುಳಿನ ಪರಾವಲಂಬಿ ರೋಗ ಕೂಡ ಇತ್ತು. ಹೊಟ್ಟು ಒದ್ದೆಯಾದರೆ ಮೊದಲು ಕಾಕ್ಸಿ ಏಳುತ್ತದೆ, ಅದು ಕರುಳಿನ ಒಳಪದರ ಕೆರೆದು ಗಾಯ ಮಾಡುತ್ತದೆ, ಆ ಗಾಯದ ಮೇಲೆ ಕ್ಲಾಸ್ಟ್ರಿಡಿಯಂ ಬೆಳೆಯುತ್ತದೆ.

"ಹಂಗಾದ್ರ ಈಸ್ಟ್ ಏನು ಮಾಡ್ತು ಸರ್?" ಅಂತ ಕೇಳಿದೆ. ಅವರು ಹೇಳಿದ್ದನ್ನು ಎಲ್ಲರೂ ತಿಳಿದುಕೊಳ್ಳಬೇಕು. ಈ ಪುಡಿ ಬ್ರೆಡ್ ಮಾಡುವ ಜೀವಂತ ಈಸ್ಟ್ ಅಲ್ಲ. ಈಸ್ಟನ್ನು ಕಾರ್ಖಾನೆಯಲ್ಲಿ ಹುದುಗಿಸಿ, ಹುದುಗಿದ ಎಲ್ಲವನ್ನೂ ಒಣಗಿಸಿ ಮಾಡಿದ್ದು. ಒಣಗಿಸುವಾಗ ಈಸ್ಟ್ ಬಹುತೇಕ ಸತ್ತಿರುತ್ತದೆ. ಹುದುಗುವಾಗ ಅದು ಬಿಟ್ಟ ಪದಾರ್ಥಗಳು ಮತ್ತು ಅದರ ಹೊರಗೋಡೆ, ಇವೇ ಕೋಳಿಗೆ ಉಪಯೋಗಕ್ಕೆ ಬರುವುದು. ಸತ್ತದ್ದನ್ನು ಬೆಲ್ಲದ ನೀರಲ್ಲಿ ನೆನೆಸಿದರೆ ಎದ್ದು ಬರುತ್ತದೆಯೇ? ನನ್ನ ಡ್ರಮ್ಮಿನಲ್ಲಿ ನೊರೆ ಎಬ್ಬಿಸಿದ್ದು ಗಾಳಿ, ನೀರು, ಡ್ರಮ್ಮಿನ ಕೊಳೆಯಿಂದ ಬಂದ ಯಾವುದೋ ಸೂಕ್ಷ್ಮಜೀವಿಗಳು. ಅದನ್ನೇ ಕೈಯಾರೆ ಕೋಳಿಗೆ ತಿನ್ನಿಸಿದ್ದೆ.

ಈಸ್ಟ್ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಇಂಥ ಪುಡಿ ಹಾಕಿದಾಗ ಕರುಳಿನಲ್ಲಿ ಸಾಲ್ಮೊನೆಲ್ಲಾ ಕಡಿಮೆಯಾದದ್ದು ಹಲವು ಪ್ರಯೋಗಗಳಲ್ಲಿ ಕಂಡಿದೆ. ಈಸ್ಟಿನ ಹೊರಗೋಡೆಯಲ್ಲಿರುವ ಒಂದು ಬಗೆಯ ಸಕ್ಕರೆಗೆ ಸಾಲ್ಮೊನೆಲ್ಲಾ, ಈ-ಕೋಲೈ ಅಂಟಿಕೊಳ್ಳುತ್ತವೆ. ಕರುಳಿಗೆ ಅಂಟುವ ಬದಲು ಹಿಕ್ಕೆಯ ಜೊತೆ ಹೊರಗೆ ಹೋಗುತ್ತವೆ. ಸಾಯುವುದಿಲ್ಲ, ಹೊರಗೆ ಹೋಗುತ್ತವೆ ಅಷ್ಟೇ. ಹೊಟ್ಟು ಒದ್ದೆ ಇದ್ದು, ಕೋಳಿ ಅದನ್ನೇ ಕೆದಕಿ ತಿಂದರೆ ಮತ್ತೆ ಹೊಟ್ಟೆಗೇ ಬರುತ್ತವೆ. ಇದು ತಿಳಿದಾಗ ನನಗೆ ಬಹಳ ಸಂಕಟವಾಯಿತು. ಈಸ್ಟ್ ಹಾಕುವವರು ಶೆಡ್ಡನ್ನು ಇನ್ನೂ ಜಾಸ್ತಿ ಒಣಗಿಸಿ ಇಡಬೇಕಿತ್ತು, ನಾನು ಪೂರ್ತಿ ಉಲ್ಟಾ ಮಾಡಿದ್ದೆ.

ಮುಂದೆ ಏಜೆಂಟ್‌ನ ಗೋಡೌನ್ ಹುಡುಕಿಕೊಂಡು ಹೋದೆ. ಅಲ್ಲಿ ದೊಡ್ಡ ಚೀಲ ಒಡೆದು ಬಿಳಿ ಕವರಿಗೆ ತುಂಬುತ್ತಿದ್ದರು. ಮೂಲ ಚೀಲದ ಮೇಲೆ ಎಲ್ಲಾ ಅಚ್ಚಾಗಿತ್ತು: ಒಣ ಫೀಡಿನಲ್ಲಿ ಕಲಸಬೇಕು, 1 ಟನ್‌ಗೆ 1 ಕೆಜಿ, ತಂಪಾದ ಒಣ ಜಾಗದಲ್ಲಿ ಇಡಬೇಕು. ನನ್ನ ಶೆಡ್ಡಿಗೆ ದಿನಕ್ಕೆ 60 ಕೆಜಿ ಫೀಡ್, ಅಂದರೆ 60 ಗ್ರಾಂ ಪುಡಿ ಸಾಕಿತ್ತು. ನಾನು ಅವನ ಮಾತು ಕೇಳಿ ದಿನಕ್ಕೆ 1 ಕೆಜಿ ಹಾಕಿ, ಐದು ದಿನದಲ್ಲಿ ಕವರ್ ಖಾಲಿ ಮಾಡಿದ್ದೆ.

ಉಳಿದ ಕೋಳಿಗಳಿಗೆ ಡಾಕ್ಟ್ರು ಕಾಕ್ಸಿಗೆ ಬೇರೆ, ಕರುಳಿಗೆ ಬೇರೆ ಔಷಧಿ ಬರೆದರು. ಹಳೆ ಹೊಟ್ಟು ಪೂರ್ತಿ ತೆಗೆದು, ನೆಲಕ್ಕೆ ಸುಣ್ಣ ಹಾಕಿ, ಹೊಸದು ಹರಡಿದೆವು. ಔಷಧಿ ನಿಲ್ಲಿಸಿ ಅವರು ಹೇಳಿದಷ್ಟು ದಿನ ಕಳೆಯುವವರೆಗೆ ಒಂದು ಕೋಳಿಯನ್ನೂ ಮಾರಲಿಲ್ಲ. ಮದುವೆ, ಜಾತ್ರೆಯ ವ್ಯಾಪಾರ ಕೈ ತಪ್ಪಿತು. ಆದರೂ ತಿನ್ನುವವರ ಹೊಟ್ಟೆಗೆ ಔಷಧಿ ಹೋಗಬಾರದಲ್ವಾ.

ಆ ಏಜೆಂಟ್ ಈಗ ಸಿಂಧನೂರು ಕಡೆ ತಿರುಗುತ್ತಿದ್ದಾನೆ ಅಂತ ಕೇಳಿದೆ. ಅಕ್ಷರ ಇಲ್ಲದ ಬಿಳಿ ಕವರ್ ತಂದು, ಬೆಲ್ಲದ ನೀರಲ್ಲಿ ನೆನೆಸಿ ಅಂತ ಯಾರಾದರೂ ಹೇಳಿದರೆ ಅದೇ ಮಾಲು. ಮೂಲ ಚೀಲ ತೋರಿಸು, ಬಿಲ್ ಕೊಡು ಅಂತ ಕೇಳಿ. ಕೊಡದಿದ್ದರೆ ವಾಪಸ್ ಕಳಿಸಿ.