ಹಳೇ ಪಾರ್ಟ್ ತನ್ನಿ ಅನ್ನುವ ಬೈಕಂಪಾಡಿಯ ಬೇರಿಂಗ್ ಅಂಗಡಿ

ಮಲ್ಪೆಯಲ್ಲಿ ಐಸ್ ಪ್ಲಾಂಟ್ ನೋಡಿಕೊಳ್ಳುವವರಿಗೆ ಮಳೆಗಾಲ ಅಂದರೆ ರಜೆ ಅಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ದಕ್ಕೆಯಲ್ಲಿ ಬೋಟುಗಳು ಸಾಲಾಗಿ ಕಟ್ಟಿ ನಿಂತಿರುತ್ತವೆ, ಐಸಿಗೆ ಗಿರಾಕಿ ಇಲ್ಲ, ಹಾಗಾಗಿ ವರ್ಷದ ದೊಡ್ಡ ರಿಪೇರಿ ಎಲ್ಲ ಆವಾಗಲೇ. ಕಂಪ್ರೆಸರ್ ಬಿಚ್ಚಬೇಕು, ಬ್ರೈನ್ ಟ್ಯಾಂಕಿನ (ಐಸ್ ಕಟ್ಟುವ ಉಪ್ಪುನೀರಿನ ಟ್ಯಾಂಕು) ಅಜಿಟೇಟರ್, ಅಂದರೆ ಆ ನೀರನ್ನು ಕಲಕುವ ಮೆಷಿನು ನೋಡಬೇಕು, ಕ್ರಷರ್, ಕಂಡೆನ್ಸರಿನ ನೀರಿನ ಪಂಪು, ಮೋಟಾರುಗಳು ಎಲ್ಲ ಉಂಟು. ಕೊನೆಗೆ ಧಣಿಗಳು ಕೇಳುವುದು ಒಂದೇ ಮಾತು: ಸ್ಪೇರ್‌ಗೆ ಈ ಸಲ ಎಷ್ಟು ಹೋಯ್ತು?

ಈಗ ಆ ಪ್ರಶ್ನೆ ಬಂದರೆ ನನಗೆ ಮೊದಲಿನಷ್ಟು ಬೆವರು ಬರುವುದಿಲ್ಲ. ಅದಕ್ಕೆ ದೊಡ್ಡ ಕಾರಣ ಬೈಕಂಪಾಡಿ ಕೈಗಾರಿಕಾ ಪ್ರದೇಶದ ಒಳರಸ್ತೆಯಲ್ಲಿರುವ ಒಂದು ಬೇರಿಂಗ್ ಅಂಗಡಿ. ಉಡುಪಿ ಕಡೆಯವರಿಗೆ ಮಂಗಳೂರು ಪೇಟೆಯ ಒಳಗೆ ಹೋಗಿ ಒದ್ದಾಡುವ ಕೆಲಸವೂ ಇಲ್ಲ, ಸುರತ್ಕಲ್ ದಾಟಿದ ಮೇಲೆ ಇಳಿದುಕೊಂಡರೆ ಆಯ್ತು. ಹೆಸರು ಬರೆಯಬೇಡಿ ಅಂತ ಅಂಗಡಿಯವರೇ ಹೇಳಿದ್ದಾರೆ, ಜನ ಜಾಸ್ತಿ ಆದರೆ ಮಾತಾಡ್ಲಿಕ್ಕೆ ಟೈಮ್ ಸಿಗುವುದಿಲ್ಲವಂತೆ! ಶೀಟಿನ ಮಾಡು, ಗೋಡೆ ತುಂಬ ರ್‍ಯಾಕು, ಬೋರ್ಡಿನಲ್ಲಿ ಬೇರಿಂಗ್, ಆಯಿಲ್ ಸೀಲ್, ವಿ-ಬೆಲ್ಟ್ ಅಂತ ಇಷ್ಟೇ.

ಹೋದ ಕೂಡಲೇ ಯಜಮಾನರು ಕೇಳುವುದು "ಹಳೇದು ತಂದಿದ್ದೀರಾ?" ಅಂತ. ಬರೀ ನಂಬರ್ ಹೇಳಿದರೆ ಅವರಿಗೆ ಸಮಾಧಾನ ಇಲ್ಲ. ಮೊದಲ ಸಲ ನಾನು ಅಜಿಟೇಟರಿನ ಬೇರಿಂಗ್ ತೆಗೆದುಕೊಂಡು ಹೋಗಿದ್ದೆ, ಅದು ಪದೇ ಪದೇ ಹೋಗುತ್ತಿತ್ತು, ಇನ್ನೂ ದುಬಾರಿ ಕಂಪನಿಯದ್ದು ಹಾಕೋಣ ಅಂತ ನನ್ನ ಲೆಕ್ಕ. ಅವರು ಅದನ್ನು ಸೀಮೆಎಣ್ಣೆಯಲ್ಲಿ ತೊಳೆದರು, ಬಟ್ಟೆಯಲ್ಲಿ ಒರೆಸಿದರು, ಟ್ಯೂಬ್‌ಲೈಟಿನ ಕೆಳಗೆ ಹಿಡಿದು ಮೆಲ್ಲ ತಿರುಗಿಸಿದರು. ಒಳಗಿನ ಟ್ರ್ಯಾಕಿನಲ್ಲಿ ಕಂದು ಬಣ್ಣದ ಸಣ್ಣ ಸಣ್ಣ ಗುಳಿ ಕಾಣುತ್ತಿತ್ತು. "ಇದು ಬೇರಿಂಗಿನ ತಪ್ಪಲ್ಲ ಮಾರಾಯ್ರೇ, ಉಪ್ಪುನೀರು ಒಳಗೆ ಹೋದದ್ದು. ಚಿನ್ನದ ಬೇರಿಂಗ್ ಹಾಕಿದ್ರೂ ಅಷ್ಟೇ" ಅಂದರು. ನಮ್ಮಲ್ಲಿ ಇದ್ದದ್ದು ಜೆಡ್‌ಜೆಡ್, ಅಂದರೆ ಎರಡೂ ಬದಿಗೆ ತಗಡಿನ ಮುಚ್ಚಳ. ಅದು ಧೂಳು ತಡೆಯುತ್ತದೆ, ನೀರು ತಡೆಯುವುದಿಲ್ಲ. ಅದೇ 6306 ನಂಬರಿನಲ್ಲಿ 2ಆರ್‌ಎಸ್, ರಬ್ಬರ್ ಸೀಲಿನದ್ದು ಕೊಟ್ಟರು. ಶಾಫ್ಟಿನ ಮೇಲೆ ಒಂದು ರಬ್ಬರ್ ವಾಷರ್ ಏರಿಸಿ, ಬ್ರೈನ್ ಚಿಮ್ಮಿದರೆ ಹೊರಗೇ ಎಸೆಯಲಿ ಅಂತ ಉಪಾಯ ಹೇಳಿದರು. ವಾಷರಿಗೆ ಟೈರ್ ಟ್ಯೂಬ್ ಕತ್ತರಿಸಿದರೆ ಸಾಕಂತೆ, ದುಡ್ಡು ಬೇಡ. ಆ ಬೇರಿಂಗ್ ಈಗಲೂ ಓಡುತ್ತಾ ಇದೆ.

ಸ್ಪೇರ್ ಖರ್ಚು ಕಡಿಮೆ ಮಾಡಬೇಕು ಅಂದಾಗ ಎಲ್ಲರೂ ಮೊದಲು ಮಾಡುವುದು ರೇಟು ಚೌಕಾಶಿ. ಹತ್ತು ಪರ್ಸೆಂಟ್ ಕಡಿಮೆಗೆ ತಂದು ವರ್ಷಕ್ಕೆ ಮೂರು ಸಲ ಹಾಕಿದರೆ ಎಂತ ಲಾಭ? ಈ ಅಂಗಡಿ ಅಗ್ಗದ್ದಲ್ಲ, ಅದನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಆದರೆ ಇಲ್ಲಿಂದ ತರುವ ಸಾಮಾನು ಕಡಿಮೆಯಾಗಿದೆ.

ರೇಟಿನಲ್ಲಿ ನಿಜವಾಗಿ ಉಳಿದದ್ದು ಬೇರೆ ಜಾಗದಲ್ಲಿ. ನಮ್ಮ ಕ್ರಷರ್ ಮಾಡಿದ ಕಂಪನಿಯ ಡೀಲರ್ (ಹೆಸರು ಬೇಡ ಬಿಡಿ) ಒಂದು ಬೇರಿಂಗಿಗೆ ತಮ್ಮದೇ ಉದ್ದದ ಪಾರ್ಟ್ ನಂಬರ್ ಕೊಟ್ಟು, ಅದು ನಮ್ಮಲ್ಲಿ ಮಾತ್ರ ಸಿಗುವುದು ಅಂತ ಹೇಳುತ್ತಿದ್ದರು. ಯಜಮಾನರು ಹಳೇದರ ಮೇಲಿನ ಗ್ರೀಸ್ ಒರೆಸಿ ಓದಿದರೆ ಅಲ್ಲೇ ಕೆತ್ತಿದೆ, 6206, ಜಗತ್ತಿಡೀ ಸಿಗುವ ಬೇರಿಂಗು! ಬೆಲೆ ಡೀಲರ್ ಹೇಳಿದ್ದರ ಅರ್ಧಕ್ಕಿಂತ ಕಡಿಮೆ, ಅದೂ ಒಳ್ಳೆಯ ಕಂಪನಿಯದ್ದೇ. ಈ ನಂಬರ್ ಓದುವುದನ್ನು ನಾನು ಕಲಿತದ್ದೂ ಅಲ್ಲೇ. ಕೊನೆಯ ಎರಡು ಅಂಕೆಯನ್ನು ಐದರಿಂದ ಗುಣಿಸಿದರೆ ಒಳವ್ಯಾಸ, 06 ಅಂದರೆ 30 ಮಿಲಿಮೀಟರ್. (04ರಿಂದ ಮೇಲೆ ಹೀಗೆ. 00, 01, 02, 03ಕ್ಕೆ 10, 12, 15, 17 ಅಂತ ಬಾಯಿಪಾಠ ಮಾಡಬೇಕು.) 6206 ಮತ್ತು 6306 ಎರಡಕ್ಕೂ ಒಳಗೆ 30 ಮಿಲಿಮೀಟರೇ, ಆದರೆ ಹೊರಗೆ ಒಂದು 62, ಇನ್ನೊಂದು 72. ಕಂಪ್ರೆಸರಿನ ವಾಲ್ವ್ ಪ್ಲೇಟ್, ಗ್ಲ್ಯಾಂಡ್ ಸೀಲ್ (ಶಾಫ್ಟಿನ ಹತ್ತಿರ ಗ್ಯಾಸ್ ಸೋರದ ಹಾಗೆ ತಡೆಯುವುದು) ಹೀಗೆ ಎಲ್ಲ ಕಡೆ ಸಿಗುವಂಥದ್ದಲ್ಲ, ಅದಕ್ಕೆ ಕಂಪನಿಯವರ ಹತ್ತಿರವೇ ಹೋಗಬೇಕು. ಯಜಮಾನರೂ ಹಾಗೇ ಹೇಳುತ್ತಾರೆ.

ಆಯಿಲ್ ಸೀಲಿನದ್ದು, ಅಂದರೆ ಶಾಫ್ಟಿನ ಸುತ್ತ ಎಣ್ಣೆ ಸೋರದ ಹಾಗೆ ಕೂರಿಸುವ ರಬ್ಬರ್ ತುಟಿಯ ಬಳೆಯದ್ದು, ನನಗೆ ಅತಿ ಇಷ್ಟವಾದ ಪಾಠ. ಹೊಸ ಸೀಲ್ ಹಾಕಿದರೂ ಎಣ್ಣೆ ಸೋರುತ್ತದೆ, ಸೀಲ್ ಡೂಪ್ಲಿಕೇಟ್ ಅಂತ ಬೈಯುತ್ತೇವೆ, ಇನ್ನೊಂದು ತರುತ್ತೇವೆ. ಶಾಫ್ಟಿನ ಮೇಲೆ ಉಗುರು ಓಡಿಸಿ ನೋಡಿ ಅಂದರು. ಓಡಿಸಿದರೆ ಉಗುರು ಸಿಕ್ಕಿಕೊಂಡಿತು. ಹಳೇ ಸೀಲಿನ ತುಟಿ ಕೂತು ಕೂತು ಅಲ್ಲಿ ಸುತ್ತ ಒಂದು ಗೀರು ಬಿದ್ದಿತ್ತು, ಹೊಸದೂ ಅದೇ ಗೀರಿನ ಮೇಲೆ ಕೂತರೆ ಹಿಡಿಯುವುದಾದರೂ ಹೇಗೆ? ಹೌಸಿಂಗಿನಲ್ಲಿ ಜಾಗ ಇದ್ದರೆ ಸೀಲನ್ನು ಒಂದೆರಡು ಮಿಲಿಮೀಟರ್ ಆಚೆ ಈಚೆ ಕೂರಿಸಿದರೆ ತುಟಿ ಹೊಸ ಜಾಗಕ್ಕೆ ಬರುತ್ತದೆ. ಜಾಗ ಇಲ್ಲದಿದ್ದರೆ ಶಾಫ್ಟಿನ ಮೇಲೆ ತೆಳು ಸ್ಲೀವ್ (ಲೋಹದ ಕೊಳವೆ) ಏರಿಸಬೇಕು, ಅದಕ್ಕೂ ಹೊಸ ಶಾಫ್ಟ್ ಬೇಡ. ನಮ್ಮದು ಜಾಗ ಬದಲಿಸಿದ್ದಕ್ಕೇ ನಿಂತಿತು.

ಬೆಲ್ಟಿನ ವಿಷಯಕ್ಕೆ ಅವರಿಗೂ ನನಗೂ ಸಣ್ಣ ಜಗಳವೇ ಆಯ್ತು ಅನ್ನಬೇಕು. ಕಂಪ್ರೆಸರಿಗೆ ಸಿ ಸೆಕ್ಷನ್, ಅಂದರೆ ದಪ್ಪ ಅಳತೆಯ ವಿ-ಬೆಲ್ಟುಗಳ ಸಾಲು ಉಂಟು, ಒಂದು ಕಿತ್ತುಹೋಗಿತ್ತು, ಒಂದೇ ಕೊಡಿ ಅಂದೆ. ಇಲ್ಲ, ಪೂರ್ತಿ ಸೆಟ್ಟೇ ಹಾಕಿ ಅಂದರು. ವ್ಯಾಪಾರಕ್ಕೆ ಹೇಳುತ್ತಾರೆ ಅಂತ ಯಾರಿಗಾದರೂ ಅನಿಸುತ್ತದೆ, ಅಲ್ವಾ? ಹಳೇ ಬೆಲ್ಟುಗಳು ಎಳೆದು ಉದ್ದ ಆಗಿರುತ್ತವೆ, ಭಾರ ಎಲ್ಲ ಹೊಸ ಒಂದರ ಮೇಲೇ ಬಿದ್ದು ಅದೇ ಮೊದಲು ಹೋಗುತ್ತದೆ. ಇಷ್ಟು ವಿವರಿಸಿ, ಸೆಟ್ ತೆಗೆಯುವ ಮೊದಲು ಪುಲ್ಲಿ ನೋಡಿ ಅಂದರು. ಬೆಲ್ಟ್ ಹಿಡಿಯುವುದು ಎರಡು ಬದಿಯಲ್ಲಿ, ತಳದಲ್ಲಿ ಅಲ್ಲ. ಪುಲ್ಲಿಯ ಗ್ರೂವ್ (ಬೆಲ್ಟ್ ಕೂರುವ ಗಾಡಿ) ಸವೆದು ಬೆಲ್ಟ್ ತಳಕ್ಕೆ ತಾಗಿದರೆ ಜಾರಲಿಕ್ಕೆ ಶುರು, ಎಷ್ಟು ಬಿಗಿ ಮಾಡಿದರೂ ಜಾರುವುದೇ, ಬಿಗಿ ಮಾಡಿದ್ದಕ್ಕೆ ಬೇರಿಂಗೂ ಹೋಗುತ್ತದೆ. ಊರಿಗೆ ಬಂದು ನೋಡಿದರೆ ಗ್ರೂವಿನ ತಳ ಕನ್ನಡಿ ಥರ ಹೊಳೆಯುತ್ತಿತ್ತು. ಪುಲ್ಲಿಯನ್ನು ಲೇತಿಗೆ ಕೊಟ್ಟು ಗ್ರೂವ್ ಸರಿ ಮಾಡಿಸಿ, ಎರಡು ಪುಲ್ಲಿಯ ಮುಖಕ್ಕೂ ನೂಲು ಹಿಡಿದು ಲೈನ್ ನೋಡಿ, ಆಮೇಲೆ ಸೆಟ್ ಹಾಕಿದೆವು. ಆ ಸಲ ಬಿಲ್ ಜಾಸ್ತಿಯೇ ಆಯ್ತು. ಆಮೇಲೆ ಬೆಲ್ಟ್ ತಂದಿಲ್ಲ.

ಪಂಪಿನ ಗ್ಲ್ಯಾಂಡ್ ರೋಪ್ (ಶಾಫ್ಟಿನ ಸುತ್ತ ನೀರು ತಡೆಯಲಿಕ್ಕೆ ತುರುಕುವ ಹಗ್ಗ) ಕೇಳಿದರೆ "ಹನಿ ಬೀಳ್ತಾ ಇರ್ಲಿ" ಅಂತ ಹೇಳಿಯೇ ಕೊಡುತ್ತಾರೆ. ಪೂರ್ತಿ ಬಂದ್ ಮಾಡಬೇಕು ಅಂತ ಹುಡುಗರು ಒತ್ತಿ ಬಿಗಿ ಮಾಡುತ್ತಾರೆ, ರೋಪ್ ಸುಟ್ಟು ಶಾಫ್ಟಿನ ಸ್ಲೀವೂ ಸವೆಯುತ್ತದೆ.

ಇನ್ನು ತಕರಾರು. ಯಜಮಾನರು ಇಲ್ಲದ ಹೊತ್ತಿಗೆ ಹೋಗಬೇಡಿ. ಕೌಂಟರಿನಲ್ಲಿರುವ ಹುಡುಗನಿಗೆ ಕೇಳಿದ ನಂಬರ್ ಕೊಟ್ಟು ಕಳಿಸುವುದಷ್ಟೇ ಗೊತ್ತು, ಒಮ್ಮೆ ಮೋಟಾರಿಗೆ ಸಿ3 (ಒಳಗೆ ಮಾಮೂಲಿಗಿಂತ ಸ್ವಲ್ಪ ಸಡಿಲ ಇರುವ ಬೇರಿಂಗ್) ಕೇಳಿದರೆ ಮಾಮೂಲಿ ಕೊಟ್ಟಿದ್ದ, ಪೊಟ್ಟಣ ಒಡೆಯುವ ಮೊದಲು ಕಂಡಿತು. ಬದಲಾಯಿಸಿ ಕೊಟ್ಟರು, ಆದರೆ ಇನ್ನೊಮ್ಮೆ ಬೈಕಂಪಾಡಿಗೆ ಹೋಗಿ ಬರುವ ಖರ್ಚು ನನ್ನದೇ. ಹೊಸಬರಿಗೆ ಸಾಲ ಇಲ್ಲವೇ ಇಲ್ಲ. ಊಟದ ಹೊತ್ತಿಗೆ ಶಟರ್ ಅರ್ಧ ಇಳಿದಿರುತ್ತದೆ. ವಾಟ್ಸಾಪಿನಲ್ಲಿ ಫೋಟೋ ಹಾಕಿದರೆ ಸಂಜೆಯ ಮೇಲೆಯೇ ಉತ್ತರ, ಅರ್ಜೆಂಟ್ ಇದ್ದರೆ ಫೋನ್ ಮಾಡಿ. ರಸ್ತೆಯಲ್ಲಿ ಲಾರಿ ನಿಂತಿದ್ದರೆ ಬೈಕ್ ಇಡಲಿಕ್ಕೂ ಜಾಗ ಇಲ್ಲ. ಗುರುತಾದ ಮೇಲೆ ಸಣ್ಣ ಸಾಮಾನನ್ನು ಉಡುಪಿ ಬಸ್ಸಿಗೆ ಪಾರ್ಸೆಲ್ ಹಾಕಿ ಕಂಡಕ್ಟರ್ ನಂಬರ್ ಕಳಿಸುತ್ತಾರೆ, ಅದು ದೊಡ್ಡ ಉಪಕಾರ. ಜಿಎಸ್‌ಟಿ ಬಿಲ್ ಕೇಳದೆಯೇ ಕೊಡುತ್ತಾರೆ.

ಪ್ಲಾಂಟನ್ನು ತಂಪು ಮಾಡುವ ಅಮೋನಿಯಾ ಗ್ಯಾಸ್ ಲೈನಿನ ಸಾಮಾನು ಅವರಲ್ಲಿ ಇಲ್ಲ, ಇಡುವುದೂ ಇಲ್ಲ. ಇದನ್ನು ನಾನು ತಕರಾರಿನಲ್ಲಿ ಸೇರಿಸುವುದಿಲ್ಲ. ಗೇಜಿಗೆ ಒಂದು ಫಿಟ್ಟಿಂಗ್ ಬೇಕು ಅಂತ ಬೇರೆ ಕಡೆ ಕೇಳಿದಾಗ ಹಿತ್ತಾಳೆಯದ್ದು ತೆಗೆದು ಕೌಂಟರಿನ ಮೇಲೆ ಇಟ್ಟವರೂ ಇದ್ದಾರೆ. ಅಮೋನಿಯಾ ತಾಮ್ರ, ಹಿತ್ತಾಳೆಯನ್ನು ತಿನ್ನುತ್ತದೆ, ಅಲ್ಲಿ ಉಕ್ಕೇ ಆಗಬೇಕು. ಸೇಫ್ಟಿ ವಾಲ್ವ್, ಗ್ಲ್ಯಾಂಡ್ ಸೀಲ್, ಗೇಜ್, ಇವುಗಳಲ್ಲಿ ದುಡ್ಡು ಉಳಿಸಲಿಕ್ಕೆ ಹೋಗುವುದು ಬೇಡ. ಗ್ಯಾಸ್ ಲೀಕಾದರೆ ಪ್ಲಾಂಟ್ ಮಾತ್ರ ಅಲ್ಲ, ಅಕ್ಕಪಕ್ಕದ ಮನೆಯವರೂ ಓಡಬೇಕಾಗುತ್ತದೆ.

ಆನ್‌ಲೈನಿನಲ್ಲಿ ಇನ್ನೂ ಕಡಿಮೆಗೆ ಸಿಗುತ್ತದಲ್ಲ ಅಂತ ಕೇಳುವವರಿಗೆ: ಸಿಗುತ್ತದೆ, ನಕಲಿಯೂ ಸಿಗುತ್ತದೆ. ಎಸ್‌ಕೆಎಫ್‌ನವರದ್ದು ಅಥೆಂಟಿಕೇಟ್ ಅಂತ ಆ್ಯಪ್ ಉಂಟು, ಬೇರಿಂಗ್ ಅಸಲಿಯೇ ಅಂತ ವಿಚಾರಿಸಬಹುದು. ಇಲ್ಲಿ ಕೌಂಟರಿನ ಮುಂದೆಯೇ ಮೊಬೈಲ್ ತೆಗೆದು ನೋಡಿ ಅನ್ನುತ್ತಾರೆ, ಬೇಜಾರು ಮಾಡಿಕೊಳ್ಳುವುದಿಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ, ಒಂದು ಕಳೆದದ್ದು ಆ ಹುಡುಗನ ಲೆಕ್ಕಕ್ಕೆ. ಹೋಗುವುದಾದರೆ ಮೇ ತಿಂಗಳಲ್ಲೇ ಹೋಗಿ, ನಿಷೇಧ ಶುರುವಾದ ಮೇಲೆ ನಮ್ಮಂಥವರದ್ದೇ ರಶ್. ಒಂದೇ ಸಲ ರಾಶಿ ತಂದು ಇಡಬೇಡಿ. ಯಾವುದು ಹೋದರೆ ಪ್ಲಾಂಟೇ ನಿಲ್ಲುತ್ತದೋ ಅದು ಒಂದೊಂದು ಇರಲಿ, ಉಳಿದದ್ದು ಬೇಕಾದಾಗ ಬಸ್ಸಿನಲ್ಲಿ ಬರುತ್ತದೆ. ಕಡಲ ಗಾಳಿಗೆ ಬಿಚ್ಚಿಟ್ಟ ಬೇರಿಂಗ್ ಒಂದು ಮಳೆಗಾಲ ದಾಟುವುದು ಕಷ್ಟ, ಪೊಟ್ಟಣ ಒಡೆಯದೆ ಮಲಗಿಸಿ ಇಡಿ. ಬೆಲ್ಟನ್ನು ಮೊಳೆಗೆ ನೇತುಹಾಕಬೇಡಿ, ಅಲ್ಲೇ ಮಡಚಿ ಪೆಟ್ಟಾಗುತ್ತದೆ. ಮತ್ತೆ ಹಳೇದನ್ನು ಗುಜರಿಗೆ ಹಾಕುವ ಮೊದಲು ಒಂದು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ಯಾವ ಮೆಷಿನಿನದ್ದು ಅಂತ ಚೀಟಿ ಬರೆದು ತೆಗೆದುಕೊಂಡು ಹೋಗಿ. ತೊಳೆಯಬೇಡಿ, ಗ್ರೀಸ್ ಹೇಗಿದೆ ಅಂತ ಅವರು ಮೊದಲು ಮೂಸಿ ನೋಡುತ್ತಾರೆ.