ಕಾಗುಣಿತ ಬಾಯಿಪಾಠವೋ, ಚಪ್ಪಾಳೆ ಆಟವೋ?

ಸಂಜೆ ನಮ್ಮ ಮನೆ ಜಗಲಿಗೆ ನಾಲ್ಕು ಮಕ್ಕಳು ಓದಲು ಬರುತ್ತಾರೆ. ಎರಡನೇ, ಮೂರನೇ ಕ್ಲಾಸಿನವರು, ಓದಿನಲ್ಲಿ ಹಿಂದೆ ಬಿದ್ದವರು. ಈ ವರ್ಷ ಅವರ ಜೊತೆ ಮೂರು ದಾರಿ ಹಿಡಿದು ನೋಡಿದೆ.

ಮೊದಲು, ನಾನು ಕಲಿತ ಹಾಗೇ ಕಾಗುಣಿತ. ತಿಂಗಳೊಳಗೆ ಎಲ್ಲರೂ ರಾಗವಾಗಿ ಹೇಳಿದರು. ಆದರೆ ‘ಕೊಡೆ’ ಅಂತ ಬರೆದು ತೋರಿಸಿದರೆ ಮೂರನೇ ಕ್ಲಾಸಿನ ಹುಡುಗ ಕ, ಕಾ, ಕಿ, ಕೀ ಅಂತ ಬೆರಳು ಮಡಚುತ್ತಾ ‘ಕೊ’ ತನಕ ಬರಬೇಕು. ಆಮೇಲೆ ಡ, ಡಾ, ಡಿ. ‘ಡೆ’ ಸಿಗುವಷ್ಟರಲ್ಲಿ ‘ಕೊ’ ಮರೆತೇ ಹೋಗಿರುತ್ತಿತ್ತು. ಅವನ ಮುಖ ನೋಡಿ ಸಂಕಟವಾಯಿತು.

ಎರಡನೆಯದು ಇಂಗ್ಲಿಷ್ ಫೋನಿಕ್ಸ್ ರೀತಿ. ‘ಮರ’ವನ್ನು ಮ್, ಅ, ರ್, ಅ ಅಂತ ಒಡೆದೆ. ಎರಡೇ ವಾರಕ್ಕೆ ಬಿಟ್ಟೆ. ಕನ್ನಡದ ಮಗುವಿನ ಕಿವಿಗೆ ‘ಮ’ ಒಂದೇ ತುಂಡು, ನಮ್ಮ ಬರವಣಿಗೆಯಲ್ಲೂ ಅದು ಒಂದೇ ಅಕ್ಷರ ಅಲ್ವಾ?

ಮೂರನೆಯದಕ್ಕೆ ಪುಸ್ತಕವನ್ನೇ ಮುಚ್ಚಿಟ್ಟೆ. ಪದ ಹೇಳುವುದು, ತುಂಡಿಗೊಂದು ಚಪ್ಪಾಳೆ ತಟ್ಟುವುದು. ‘ಕೆರೆ’ ಅಂದರೆ ಕೈ ಹತ್ತಿರ, ‘ಕೇರೆ’ ಅಂದರೆ ಕೈ ಅಗಲ. ಹಾವು ಬಂತು ಅಂತ ಕೂಗಾಡುತ್ತಲೇ ದೀರ್ಘ ಕಲಿತರು. ಆಮೇಲೆ ಅಕ್ಷರದ ಕಾರ್ಡು. ಇಲ್ಲಿ ಸರ್ಕಾರಿ ಶಾಲೆಗಳ ಆಟದ ಕಲಿಕೆ, ನಲಿ-ಕಲಿಯ ಕ್ರಮ ಹಿಡಿದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಈ ಪದ್ಧತಿಯಲ್ಲಿ ಅ, ಆ, ಇ, ಈ ಬದಲು ಮೊದಲು ಬರುವುದು ರ, ಗ, ಸ, ದ, ಅ. ಐದೇ ಅಕ್ಷರಕ್ಕೆ ಸರ, ಅರಸ, ದಸರ ಎಲ್ಲ ಓದಬಹುದು. ‘ಗರಗಸ’ಕ್ಕೆ ನಾಲ್ಕು ಚಪ್ಪಾಳೆ ತಟ್ಟಿದ ಹುಡುಗಿ ಕಾರ್ಡು ಜೋಡಿಸುತ್ತಾ, “ಅಕ್ಕ, ಗ ಎರಡು ಸಲ ಬಂತು!” ಅಂದಳು. ಅಲ್ಲಿಯತನಕ ಅವಳು ತಾನಾಗಿ ಒಂದು ಪದವನ್ನೂ ಓದಿರಲಿಲ್ಲ.

ನನ್ನ ಮತ ಇದಕ್ಕೇ. ಹಾಗಂತ ಉಳಿದೆರಡನ್ನು ಬಿಸಾಡಿಲ್ಲ. ಕೊಂಬು, ಗುಡಿಸು ಬಂದಾಗ ಫೋನಿಕ್ಸ್ ಕೆಲಸಕ್ಕೆ ಬಂತು: “ಕೂ ಅಂತ ಎಳಿ, ಬಾಯಲ್ಲಿ ಏನು ಉಳೀತು?” “ಊ!” ಕಾಗುಣಿತದ ಚಾರ್ಟು ಗೋಡೆ ಮೇಲಿದೆ, ಮರೆತಾಗ ನೋಡಿಕೊಳ್ಳಲು.

ಚಪ್ಪಾಳೆ ಎಡವುವುದು ಒತ್ತಕ್ಷರದಲ್ಲಿ. ‘ಅಕ್ಕ’ ಕಿವಿಗೆ ಅಕ್-ಕ, ಬರೆಯುವಾಗ ಅ-ಕ್ಕ. ಹುಡುಗ ‘ಹಲ್ಲು’ ಬದಲು ‘ಹಲು’ ಅಂತಲೇ ಬರೆಯುತ್ತಾನೆ. ಈಗ ಅಂಥ ಪದಕ್ಕೆ ಎರಡನೇ ಚಪ್ಪಾಳೆಯಲ್ಲಿ ಅಂಗೈ ಒತ್ತಿ ಹಿಡಿಯುತ್ತಿದ್ದೇವೆ. ನಿನ್ನೆ ಐದರಲ್ಲಿ ಮೂರು ಸರಿ ಬರೆದ.